ಎತ್ತರದ್ದು ಬಿಟ್ಟು ಅಗಲದ್ದನ್ನು ಆರಿಸಿದೆ: ಸಣ್ಣ ವಿಮಾನದಲ್ಲಿ ಬೇಸಿಗೆಯ ಉತ್ತರ ಕನ್ನಡ

ಸಣ್ಣ ವಿಮಾನದಲ್ಲಿ ಊರು ನೋಡಬೇಕು ಅಂದರೆ ಎಲ್ಲರೂ ಮೊದಲು ಬರೆಯುವುದು ಪ್ರವಾಸಿ ಸ್ಥಳಗಳ ಪಟ್ಟಿ. ನಮ್ಮ ಮನೆಯಲ್ಲೂ ಅದೇ ಆಯಿತು. ಜೋಗ, ಯಾಣ, ಉಂಚಳ್ಳಿ, ಮುರುಡೇಶ್ವರ, ಕಾರವಾರ, ಗೋಕರ್ಣ. ಪಟ್ಟಿ ಬರೆದ ಕಾಗದವನ್ನು ಮುಂದಿಟ್ಟುಕೊಂಡು ನಾನು ಒಂದೊಂದನ್ನೇ ಹೊಡೆದು ಹಾಕುತ್ತಾ ಹೋದೆ. ಅಪ್ಪಯ್ಯನಿಗೆ ಬೇಜಾರಾಯಿತು. ಆದರೆ ಇಡೀ ಯೋಜನೆಯಲ್ಲಿ ಅತಿ ಮುಖ್ಯವಾದ ಕೆಲಸ ಅದೇ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕಾರಣ ಹೇಳುತ್ತೇನೆ. ಆ ಪಟ್ಟಿಯಲ್ಲಿ ಇದ್ದದ್ದೆಲ್ಲ ಹೆಚ್ಚುಕಡಿಮೆ ಎತ್ತರಕ್ಕೆ ಹೆಸರಾದ ಜಾಗಗಳು. ಜೋಗ 253 ಮೀಟರ್. ಯಾಣದ ಭೈರವೇಶ್ವರ ಶಿಖರ 120 ಮೀಟರ್. ಮುರುಡೇಶ್ವರದ ಶಿವ 123 ಅಡಿ. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಮೈ ಜುಮ್ ಅನ್ನುತ್ತದೆ. ಮೇಲಿನಿಂದ ನೋಡಿದರೆ ಆ ಎತ್ತರವೇ ಮಾಯ. ಯಾಣದ ಬಂಡೆ ಕಾಡಿನ ನಡುವೆ ಒಂದು ಕಪ್ಪು ಚುಕ್ಕೆ, ಅಷ್ಟೇ. ಇನ್ನು ಜೋಗದಲ್ಲಿ ಬೇಸಿಗೆಗೆ ನೀರೇ ಇರುವುದಿಲ್ಲ, ಮೇಲೆ ಲಿಂಗನಮಕ್ಕಿಯಲ್ಲಿ ಹಿಡಿದಿಟ್ಟಿರುತ್ತಾರೆ. ಆಕಾಶದಿಂದ ಚೆನ್ನಾಗಿ ಕಾಣುವುದು ಅಗಲವಾಗಿ ಹರಡಿಕೊಂಡಿರುವಂಥದ್ದು: ನದಿ ಸಮುದ್ರ ಸೇರುವ ಅಳಿವೆ, ಗಜನಿ ಭೂಮಿ (ಅಳಿವೆಯ ಪಕ್ಕ ಉಪ್ಪುನೀರು ನುಗ್ಗುವ ಗದ್ದೆ), ಉಪ್ಪಿನ ಆಗರ, ಮರಳಿನ ದಿಣ್ಣೆ, ಎರಡು ಗುಡ್ಡಗಳ ಸಂದಿಯಲ್ಲಿ ಉದ್ದಕ್ಕೆ ಸಾಗುವ ಅಡಿಕೆ ತೋಟ. ಇವನ್ನು ನೆಲದ ಮೇಲೆ ನಿಂತು ಪೂರ್ತಿ ನೋಡಲು ಆಗುವುದೇ ಇಲ್ಲ. ನಾವು ಹುಟ್ಟಿದಾಗಿನಿಂದ ಓಡಾಡಿದ ಜಾಗಗಳೇ, ಆದರೂ ಅವುಗಳ ಆಕಾರ ಏನು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಅಲ್ವಾ?

ಹಾಗಾಗಿ ಅಘನಾಶಿನಿಯ ಅಳಿವೆ, ಗೋಕರ್ಣದ ಕಡಲತೀರ, ಹೊನ್ನಾವರದಲ್ಲಿ ಶರಾವತಿಯ ಅಳಿವೆ ಉಳಿಸಿಕೊಂಡೆ. ತಿರುಗುವ ಜಾಗ ಮುರುಡೇಶ್ವರ. ಆಯಿಗೆ, ಅಂದರೆ ಅಮ್ಮನಿಗೆ, ಅದು ಬೇಕೇ ಬೇಕಿತ್ತು.

ಕಾರವಾರ ಬಿಟ್ಟಿದ್ದಕ್ಕೆ ಬೇರೆ ಕಾರಣ ಇದೆ. ಅರ್ಗಾದಲ್ಲಿ ನೌಕಾನೆಲೆ, ಒಳಗಡೆ ಕೈಗಾ ಅಣು ವಿದ್ಯುತ್ ಸ್ಥಾವರ, ಸ್ವಲ್ಪ ಉತ್ತರಕ್ಕೆ ಹೋದರೆ ಗೋವಾದ ದಾಬೋಳಿ, ಅದೂ ನೌಕಾಪಡೆಯ ವಿಮಾನ ನಿಲ್ದಾಣ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೆಲ್ಲ ಇರುವಾಗ ಮನೆಯವರನ್ನು ಕೂರಿಸಿಕೊಂಡು ಅಲ್ಲಿ ಸುತ್ತುವುದು ಸರಿಯಲ್ಲ. ಕಾಳಿ ನದಿ ಸಮುದ್ರ ಸೇರುವುದನ್ನು ನೋಡಬೇಕು ಅಂದರೆ ಸದಾಶಿವಗಡದ ಗುಡ್ಡ ಹತ್ತಿದರೆ ಆಯಿತು. ಅದನ್ನು ಕಾರಿನಲ್ಲೇ ಹೋಗಿ ನೋಡಿ ಬಂದೆವು, ತೃಪ್ತಿಯಾಯಿತು.

ನಾನು ಶಿರಸಿ ಕಡೆಯವನು, ಕೆಲಸ ಬೆಂಗಳೂರಿನಲ್ಲಿ. ಖಾಸಗಿ ಪೈಲಟ್ ಲೈಸೆನ್ಸ್ ಇದೆ. ಈ ಲೈಸೆನ್ಸ್‌ನಲ್ಲಿ ದುಡ್ಡು ತೆಗೆದುಕೊಂಡು ಯಾರನ್ನೂ ಕರೆದೊಯ್ಯುವಂತಿಲ್ಲ, ಮನೆಯವರು, ಸ್ನೇಹಿತರು ಅಷ್ಟೇ. ವಿಮಾನ ನಾಲ್ಕು ಸೀಟಿನ ಸೆಸ್ನಾ 172, ಕೆಲವು ಗೆಳೆಯರು ಸೇರಿ ಇಟ್ಟುಕೊಂಡಿರುವುದು. ಇದರ ರೆಕ್ಕೆ ಮೇಲುಗಡೆ ಇರುತ್ತದೆ. ಕಿಟಕಿಯಿಂದ ಕೆಳಗೆ ನೋಡಲು ಏನೂ ಅಡ್ಡ ಬರುವುದಿಲ್ಲ, ಊರು ನೋಡಲು ಇದಕ್ಕಿಂತ ಒಳ್ಳೆಯ ವಿಮಾನ ಬೇಕಿಲ್ಲ.

ಉತ್ತರ ಕನ್ನಡದಲ್ಲಿ ಇಳಿಯಲು ನಾಗರಿಕ ವಿಮಾನ ನಿಲ್ದಾಣ ಇನ್ನೂ ಇಲ್ಲ. ಅಂಕೋಲೆಯ ಅಲಗೇರಿಯಲ್ಲಿ ಆಗಬೇಕು ಅನ್ನುವ ಯೋಜನೆ ಇದೆ. ಆದ್ದರಿಂದ ಹುಬ್ಬಳ್ಳಿಯಿಂದ ಹೊರಟು ಹುಬ್ಬಳ್ಳಿಗೇ ವಾಪಸ್ ಬರುವ ಸುತ್ತು ಹಾಕಿಕೊಂಡೆ. ಹುಬ್ಬಳ್ಳಿ, ಶಿರಸಿ, ಗೋಕರ್ಣ, ಅಲ್ಲಿಂದ ತೀರದ ಗುಂಟ ದಕ್ಷಿಣಕ್ಕೆ ಹೊನ್ನಾವರ, ಮುರುಡೇಶ್ವರ, ಮತ್ತೆ ಹೊನ್ನಾವರಕ್ಕೆ ಬಂದು ಶಿರಸಿ, ಹುಬ್ಬಳ್ಳಿ. ನೇರ ಗೆರೆ ಎಳೆದರೆ ಒಟ್ಟು ಸುಮಾರು 360 ಕಿ.ಮೀ. ಅಲ್ಲಲ್ಲಿ ಒಂದೊಂದು ಸುತ್ತು ಹೊಡೆದರೂ ಎರಡು ಗಂಟೆ ಚಿಲ್ಲರೆ. ಹಿಂದಿನ ದಿನ ಬೆಂಗಳೂರಿನ ಜಕ್ಕೂರಿನಿಂದ ವಿಮಾನ ತಂದು ಹುಬ್ಬಳ್ಳಿಯಲ್ಲಿ ಕಟ್ಟಿ ಹಾಕಿದೆ. ಅಪ್ಪಯ್ಯ, ಆಯಿ ಸಂಜೆಯೇ ಶಿರಸಿಯಿಂದ ಬಂದು ನೆಂಟರ ಮನೆಯಲ್ಲಿ ಉಳಿದರು. ಬೆಳಗಿನ ಜಾವ ಎದ್ದು ನೂರು ಕಿ.ಮೀ. ರಸ್ತೆ ಪ್ರಯಾಣ ಮಾಡಿ, ಸುಸ್ತಾಗಿ ವಿಮಾನ ಹತ್ತುವುದು ಬೇಡ ಅಂತ ನಾನೇ ಹಟ ಹಿಡಿದಿದ್ದೆ.

ತೂಕದ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾಲ್ಕು ಸೀಟು ಇದೆ ಅಂದರೆ ನಾಲ್ಕು ಜನ ಹೋಗಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ವಿಮಾನ ಮೇಲೇಳುವಾಗ ಒಟ್ಟು ತೂಕ 1,157 ಕೆಜಿ ಮೀರುವಂತಿಲ್ಲ. ಖಾಲಿ ವಿಮಾನವೇ 770 ಕೆಜಿ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕೆಜಿಗೆ ತುಸು ಕಮ್ಮಿ, 0.72 ಹಿಡಿಯುತ್ತೇವೆ. 150 ಲೀಟರ್ ಹಾಕಿದರೆ 108 ಕೆಜಿ. ಜನರ ತೂಕವನ್ನು ಬಾಯಲ್ಲಿ ಕೇಳಿ ಬರೆದುಕೊಳ್ಳಬಾರದು, ಎಲ್ಲರೂ ಹಳೆಯ ತೂಕ ಹೇಳುತ್ತಾರೆ. ನಾನು ಮನೆಯಲ್ಲಿ ಅಡಿಕೆ ಚೀಲ ತೂಗುವ ತೂಕದ ಯಂತ್ರದ ಮೇಲೆಯೇ ಎಲ್ಲರನ್ನೂ ನಿಲ್ಲಿಸಿದೆ, ಚಪ್ಪಲಿ ಬ್ಯಾಗು ಸಮೇತ. ಅಪ್ಪಯ್ಯ 62, ಆಯಿ 51, ನಾನು 74, ಬ್ಯಾಗು 6. ಎಲ್ಲ ಕೂಡಿದರೆ 1,071.

ಆಗ ನಮ್ಮ ಮಾವನೂ ಬರುತ್ತೇನೆ ಅಂದರು. 80 ಕೆಜಿ. ಲೆಕ್ಕ ಹಾಕಿದರೆ 1,151, ಮಿತಿಯೊಳಗೇ ಇದೆ. ಆದರೂ ಬೇಡ ಅಂದೆ. ಯಾಕೆಂದರೆ ಆ ಮಿತಿ ಬಿಸಿಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಬ್ಬಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಗಾಳಿ ಬಿಸಿಯಾದಷ್ಟೂ ತೆಳ್ಳಗಾಗುತ್ತದೆ, ರೆಕ್ಕೆಗೂ ಎಂಜಿನ್‌ಗೂ ಅದು ಇನ್ನೂ ಎತ್ತರದ ಜಾಗದಂತೆ ಆಗಿಬಿಡುತ್ತದೆ. ಬೆಳಗ್ಗೆ 23 ಡಿಗ್ರಿ ಇದ್ದಾಗ ಆ ರನ್‌ವೇ ವಿಮಾನದ ಪಾಲಿಗೆ 3,600 ಅಡಿಯಷ್ಟು ಎತ್ತರದಲ್ಲಿದ್ದಂತೆ. ಮಧ್ಯಾಹ್ನ 36 ಡಿಗ್ರಿ ಆದರೆ 5,200 ಅಡಿ. ಓಡಬೇಕಾದ ದೂರ ಜಾಸ್ತಿ, ಏರುವ ವೇಗ ಕಮ್ಮಿ. ವಾಪಸ್ ಬರುವಾಗ ಸಮುದ್ರದ ಮಟ್ಟದಿಂದ ಘಟ್ಟ ದಾಟುವಷ್ಟು ಏರಬೇಕು, ಅಷ್ಟೊತ್ತಿಗೆ ಬಿಸಿಲೂ ಏರಿರುತ್ತದೆ. ಅಲ್ಲಿ ನನಗೆ ಕೈಯಲ್ಲಿ ಸ್ವಲ್ಪ ಶಕ್ತಿ ಉಳಿದಿರಬೇಕಿತ್ತು. ಮಾವನಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ, ಒಪ್ಪಿಕೊಂಡರು.

ಪೆಟ್ರೋಲು ಅಂದೆನಲ್ಲ, ಅದು ಏವ್‌ಗ್ಯಾಸ್. ದೊಡ್ಡ ವಿಮಾನಗಳಿಗೆ ಹಾಕುವ ಎಟಿಎಫ್ ಇದಕ್ಕೆ ಆಗುವುದಿಲ್ಲ. ಏವ್‌ಗ್ಯಾಸ್ ಎಲ್ಲ ನಿಲ್ದಾಣದಲ್ಲೂ ಸಿಗುವುದಿಲ್ಲ, ಇದನ್ನು ಎಲ್ಲಕ್ಕಿಂತ ಮೊದಲು ಫೋನ್ ಮಾಡಿ ಗಟ್ಟಿ ಮಾಡಿಕೊಳ್ಳಿ. ದಿನಾಂಕ, ಜನ, ದಾರಿ ಎಲ್ಲ ಆಮೇಲೆ. ಗಂಟೆಗೆ 35 ಲೀಟರ್ ಹಿಡಿದು, ಎರಡು ಗಂಟೆ ಚಿಲ್ಲರೆಗೆ 80, ಮೇಲೆ ಮುಕ್ಕಾಲು ಗಂಟೆಯ ಮೀಸಲು, ಹುಬ್ಬಳ್ಳಿಯಲ್ಲಿ ಇಳಿಯಲು ಆಗದಿದ್ದರೆ ಬೆಳಗಾವಿಗೆ ಹೋಗುವಷ್ಟು. ಹೀಗೆ 150 ಆಯಿತು.

ಇನ್ನು ಹೊತ್ತು. ಬೇಸಿಗೆಯ ಹಾರಾಟ ಬೆಳಗಿನದೇ. ಹತ್ತು ಗಂಟೆಯೊಳಗೆ ಚಕ್ರ ನೆಲಕ್ಕೆ ತಾಗಿರಬೇಕು ಅಂತ ನಿರ್ಧಾರ ಮಾಡಿಕೊಂಡೆ. ಆಮೇಲೆ ಬಯಲುಸೀಮೆಯ ನೆಲ ಕಾದು ಬಿಸಿ ಗಾಳಿ ಮೇಲೇಳುತ್ತದೆ, ಸಣ್ಣ ವಿಮಾನ ಕುಲುಕಾಡುತ್ತದೆ. ದೇವಿಮನೆ ಘಟ್ಟದಲ್ಲಿ ಬಸ್ಸಿನಲ್ಲೇ ಹೊಟ್ಟೆ ತೊಳೆಸುವ ಆಯಿಗೆ ಅದು ಹಿಂಸೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಘಟ್ಟದ ತಲೆಯ ಮೇಲೆ ಗುಡುಗಿನ ಮೋಡವೂ ಕಟ್ಟುತ್ತದೆ. ಅದರ ಹತ್ತಿರ ಹೋಗುವ ಮಾತೇ ಇಲ್ಲ.

ಬೆಳಗಿಗೂ ಒಂದು ತೊಂದರೆ ಇದೆ, ಮಬ್ಬು. ಒಣ ಎಲೆ, ಹುಲ್ಲು ಸುಟ್ಟ ಹೊಗೆ ಕೆಳಗೇ ನಿಂತಿರುತ್ತದೆ. ಕಣ್ಣಿಗೆ ಕಂಡಂತೆ ಹಾರುವ ವಿಎಫ್ಆರ್ ನಿಯಮದ ಪ್ರಕಾರ 5 ಕಿ.ಮೀ. ಕಂಡರೆ ಸಾಕು. ಊರು ನೋಡಲು ಹೊರಟವರಿಗೆ ಅದು ಸಾಲದು. 8 ಕಿ.ಮೀ. ಕಾಣದಿದ್ದರೆ ಹೋಗುವುದಿಲ್ಲ ಅಂತ ಮನೆಯವರಿಗೆ ವಾರದ ಮೊದಲೇ ಹೇಳಿಟ್ಟೆ. ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಆ ಬೆಳಗ್ಗೆ ಎಲ್ಲರೂ ಸ್ನಾನ ಮಾಡಿ, ಹೊಸ ಬಟ್ಟೆ ಹಾಕಿ ನಿಂತಿರುವಾಗ ಬೇಡ ಅನ್ನುವುದು ಬಹಳ ಕಷ್ಟ, ಮೊದಲೇ ಒಂದು ಅಂಕಿ ಹೇಳಿದ್ದರೆ ಅಂಕಿಯೇ ಬೇಡ ಅನ್ನುತ್ತದೆ. ಹುಬ್ಬಳ್ಳಿ, ಗೋವಾ, ಮಂಗಳೂರಿನ ಹವಾಮಾನ ವರದಿ ಸಿಗುತ್ತದೆ, ನಡುವಿನ ಕುಮಟೆಯದ್ದು ಸಿಗುವುದಿಲ್ಲ. ಅಲ್ಲಿರುವ ಭಾವನಿಗೆ ಫೋನ್ ಮಾಡಿ "ಸಮುದ್ರದ ದಂಡೆಯಿಂದ ಘಟ್ಟದ ಸಾಲು ಕಾಣುತ್ತದೆಯಾ ನೋಡು" ಅಂದೆ. ಕಾಣುತ್ತದೆ ಅಂದ. ಹೊರಟೆವು.

ದಿನ ಆರಿಸಲು ನಾನು ನೋಡಿದ್ದು ಪಂಚಾಂಗ ಅಲ್ಲ, ಕಾರವಾರ ಬಂದರಿನ ಭರತ-ಇಳಿತದ ಪಟ್ಟಿ. ಅಳಿವೆಯ ಚಂದ ಇರುವುದು ಇಳಿತದಲ್ಲಿ. ನೀರು ಕೆಳಗಿಳಿದಾಗ ಮರಳಿನ ದಿಣ್ಣೆ, ಕೆಸರಿನ ಬಯಲು, ನಡುವೆ ಹೊರಳುವ ನೀರಿನ ದಾರಿ ಎಲ್ಲ ತೆರೆದುಕೊಳ್ಳುತ್ತವೆ. ಭರತದಲ್ಲಿ ಎಲ್ಲ ಒಂದೇ ಬಣ್ಣದ ನೀರು. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಬೆಳಗ್ಗೆ ಎಂಟರ ಆಸುಪಾಸಿನಲ್ಲಿ ಇಳಿತ ಬರುವ ರಜೆಯ ದಿನ ಹುಡುಕಿದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ತದಡಿಯಲ್ಲಿ ಬಳಚು ಹೆಕ್ಕುವವರು ಇಳಿತ ಕಾದು ನೀರಿಗಿಳಿಯುವುದನ್ನು ನೋಡಿ ನೆನಪಿತ್ತು.

ಸೂರ್ಯನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಗ್ಗೆ ಸಮುದ್ರದ ಮೇಲೆ ಹಾರುತ್ತಾ ದಡ ನೋಡಿದರೆ ಕಣ್ಣಿಗೆ ನೇರ ಬಿಸಿಲು, ದಡವೆಲ್ಲ ಕಪ್ಪು. ದಡಕ್ಕಿಂತ ತುಸು ಒಳಗೆ, ನೆಲದ ಮೇಲೆ ದಕ್ಷಿಣಕ್ಕೆ ಹಾರಿದರೆ ಬಿಸಿಲು ಬೆನ್ನಿಗೆ, ಸಮುದ್ರ ಬಲಕ್ಕೆ, ಬಣ್ಣ ಸ್ಪಷ್ಟ. ನಾನು ಎಡಗಡೆ ಕೂರುವವನು, ಅಪ್ಪಯ್ಯನನ್ನು ಮುಂದೆ ಬಲಕ್ಕೆ, ಆಯಿಯನ್ನು ಅವರ ಹಿಂದೆ ಬಲಕ್ಕೇ ಕೂರಿಸಿದೆ. ಇಬ್ಬರಿಗೂ ಒಂದೇ ನೋಟ. ನೆಲದ ಮೇಲೆ ಇರುವುದು ಜೀವಕ್ಕೂ ಒಳ್ಳೆಯದು. 2,500 ಅಡಿಯಲ್ಲಿ ಎಂಜಿನ್ ನಿಂತರೆ, ಗಾಳಿ ಇಲ್ಲದಾಗ, ಈ ವಿಮಾನ 6-7 ಕಿ.ಮೀ. ತೇಲಿಕೊಂಡು ಹೋಗುತ್ತದೆ. ಅಷ್ಟರೊಳಗೆ ಯಾವಾಗಲೂ ಒಂದು ಗದ್ದೆಯೋ ದಂಡೆಯೋ ಕಣ್ಣಲ್ಲಿ ಇರಬೇಕು. ಬೇಸಿಗೆಯಲ್ಲಿ ಕರಾವಳಿಯ ಗದ್ದೆ ಒಣಗಿ ಗಟ್ಟಿಯಾಗಿರುತ್ತದೆ. ನೇತ್ರಾಣಿ ದ್ವೀಪ ಯಾಕೆ ಬೇಡ ಅಂತ ಅಪ್ಪಯ್ಯ ಕೇಳಿದ್ದಕ್ಕೂ ಇದೇ ಉತ್ತರ, ಅದು ಆ ಅಳತೆಗಿಂತ ಬಹಳ ದೂರ. ಅಲ್ಲದೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಅದು.

ಕಾಗದಪತ್ರದ ಕೆಲಸ ಬೇಗ ಮುಗಿಸುತ್ತೇನೆ. ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ನೋಡಿ, ಹೊರಡುವುದಕ್ಕೆ ಒಂದು ಗಂಟೆಗಿಂತ ಮುಂಚೆ ಫ್ಲೈಟ್ ಪ್ಲಾನ್ ಕೊಟ್ಟು, ಎಡಿಸಿ (ವಾಯುರಕ್ಷಣೆಯ ಅನುಮತಿ), ಎಫ್ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್ ತೆಗೆದುಕೊಂಡೆ. ನಿಲ್ದಾಣ ತೆರೆದಿರುವ ಹೊತ್ತು ಕೇಳಿಕೊಂಡೆ. ಯಾರ ಗುರುತಿನ ಚೀಟಿಯೂ ಮನೆಯಲ್ಲಿ ಉಳಿಯದಂತೆ ನೋಡಿಕೊಂಡೆ. ಫೋಟೊಗೆ ಅನುಮತಿ, ವಿಚಾರಣೆ ಅಂತೆಲ್ಲ ಬೇಡ ಎಂದು ಕ್ಯಾಮೆರಾ ತರಲೇ ಇಲ್ಲ. ವಿಮಾನದಲ್ಲಿ ಶೌಚಾಲಯ ಇಲ್ಲ, ಇದನ್ನು ವಯಸ್ಸಾದವರಿಗೆ ಮುಚ್ಚುಮರೆ ಇಲ್ಲದೆ ಮೊದಲೇ ಹೇಳಿ. ತಿಂಡಿ ಎರಡು ತೆಳ್ಳೇವು (ತೆಳು ದೋಸೆ), ಅಷ್ಟೇ, ಕಾಫಿ ಅರ್ಧ ಲೋಟ.

ಏಳಕ್ಕೆ ಮೇಲೆದ್ದೆವು. ಹತ್ತುವಾಗ ಹೆಗಲ ಮೇಲೆ ಕೈಯಿಟ್ಟು "ಯಂಗೆ ಹೆದ್ರಿಕೆ ಇಲ್ಲೆ, ತಮಾ" ಅಂದಿದ್ದ ಆಯಿ ಮುಂಡಗೋಡ ದಾಟುವ ತನಕ ಮಾತಾಡಲಿಲ್ಲ. ಶಿರಸಿ ಹತ್ತಿರ ತೋಟಗಳು ಶುರುವಾದ ಮೇಲೆ ಮಾತು ನಿಲ್ಲಲಿಲ್ಲ. ಮೇಲಿನಿಂದ ತೋಟಗಳು ಗುಡ್ಡದ ಮಡಿಕೆಗಳಲ್ಲಿ ಕಡು ಹಸಿರಿನ ಗೆರೆಗಳು, ಸುತ್ತ ಬೇಸಿಗೆಯ ಕಂದು. ನೀರು ಎಲ್ಲಿ ಇದೆಯೋ ಅಲ್ಲಿ ಮಾತ್ರ ನಮ್ಮವರು ತೋಟ ಮಾಡಿದ್ದಾರೆ ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ದೇವಿಮನೆ ಹತ್ತಿರ ಘಟ್ಟ ದಾಟುವಾಗ 5,500 ಅಡಿಯಲ್ಲಿದ್ದೆ. ಬೆಳಗ್ಗೆ ಪೂರ್ವದ ಗಾಳಿ ಇದ್ದರೆ ಘಟ್ಟದ ಪಶ್ಚಿಮದ ಇಳಿಜಾರಿನಲ್ಲಿ ಗಾಳಿ ಕೆಳಕ್ಕೆ ಎಳೆಯುತ್ತದೆ. ಅದಕ್ಕೇ ಎತ್ತರ ಉಳಿಸಿಕೊಂಡೇ ದಾಟಿ ಆಮೇಲೆ ನಿಧಾನ ಇಳಿದೆ. ಮುಂದೆ ಅಘನಾಶಿನಿ ಪೂರ್ತಿ ಬಿಚ್ಚಿಕೊಂಡಿತು. ಶಿರಸಿಯಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ನದಿ. ಕೊನೆಯಲ್ಲಿ ಅದು ಅಗಲವಾಗಿ, ಎಲೆಯ ನರದ ಹಾಗೆ ಕವಲು ಕವಲಾಗಿ ಹರಡುತ್ತದೆ. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿಗಳಲ್ಲಿ ಈಗ ನೀರು ನಿಂತಿತ್ತು, ಸುತ್ತ ಕಟ್ಟಿದ ಒಡ್ಡುಗಳು ತೆಳ್ಳಗೆ ಕಾಣುತ್ತಿದ್ದವು. ಸಾಣಿಕಟ್ಟೆಯ ಉಪ್ಪಿನ ಆಗರ ಅಂತೂ ಬೇಸಿಗೆಗೇ ಹೇಳಿ ಮಾಡಿಸಿದ ನೋಟ. ಉಪ್ಪು ತೆಗೆಯುವ ಕಾಲ ಇದೇ ಆದ್ದರಿಂದ ಮಡಿಗಳು ಬಿಳಿ, ಬೂದು, ಕಂದು, ಒಂದರ ಪಕ್ಕ ಒಂದು. ಅಪ್ಪಯ್ಯ ಅಲ್ಲಿಂದ ಉಪ್ಪು ತರಿಸಿದ್ದನ್ನು ನೆನಪು ಮಾಡಿಕೊಂಡು "ಇಷ್ಟು ದೊಡ್ಡದಾ ಇದು" ಅಂತ ಎರಡು ಸಲ ಕೇಳಿದರು. ಅಲ್ಲಿ ಇನ್ನೊಂದು ಸುತ್ತು ಹೊಡೆದೆ, 15 ಡಿಗ್ರಿಗಿಂತ ಜಾಸ್ತಿ ವಾಲಿಸದೆ. ವಾಲಿಕೆ ಹೆಚ್ಚಾದರೆ ಹೊಸಬರು ನೋಡುವುದನ್ನು ಬಿಟ್ಟು ಸೀಟು ಹಿಡಿದುಕೊಳ್ಳುತ್ತಾರೆ.

ಓಂ ಬೀಚು ಎಲ್ಲರೂ ಹೇಳುವಂತೆಯೇ ಕಂಡಿತು. ಹೊನ್ನಾವರದಲ್ಲಿ ಶರಾವತಿ, ನಡುವೆ ಮಾವಿನಕುರ್ವೆ ದ್ವೀಪ, ಮೇಲೆ 2 ಕಿ.ಮೀ.ಗೂ ಉದ್ದದ ಕೊಂಕಣ ರೈಲ್ವೆ ಸೇತುವೆ. ಮುರುಡೇಶ್ವರದಲ್ಲಿ ಶಿವನ ಎತ್ತರ ಕಾಣಲಿಲ್ಲ, ಆದರೆ ದೇವಸ್ಥಾನ ಇರುವ ಕಂದುಕಗಿರಿ ಗುಡ್ಡದ ಮೂರು ಕಡೆ ಸಮುದ್ರ ಇರುವುದು ಕಂಡಿತು, ಆಯಿ ಕೈಮುಗಿದಳು. ವಾಪಸ್ ಬರುವಾಗ ಶರಾವತಿ ಕಣಿವೆಯೊಳಗೆ ನುಗ್ಗಲಿಲ್ಲ. ದಂಡೆಯ ಮೇಲೇ ಸುತ್ತು ಹೊಡೆಯುತ್ತಾ 5,500ಕ್ಕೆ ಏರಿ, ಆಮೇಲೆ ಘಟ್ಟದ ಸಾಲಿಗೆ ಓರೆಯಾಗಿ ಹೋದೆ. ಓರೆಯಾಗಿ ಹೋದರೆ ಏನಾದರೂ ಆದಾಗ ಬಯಲಿನ ಕಡೆ ತಿರುಗುವುದು ಸುಲಭ. ಹುಬ್ಬಳ್ಳಿಯಲ್ಲಿ ಇಳಿದಾಗ ಒಂಬತ್ತೂಕಾಲು ದಾಟಿತ್ತು.

ಮಾವನಿಗೆ ಮಳೆ ಮುಗಿದ ಮೇಲೆ ಕರೆದೊಯ್ಯುತ್ತೇನೆ ಅಂದಿದ್ದೇನೆ. ಆಗ ಮಬ್ಬು ತೊಳೆದು ಹೋಗಿರುತ್ತದೆ, ಗಾಳಿ ತಂಪು, ಲಿಂಗನಮಕ್ಕಿ ತುಂಬಿ ಹಿನ್ನೀರಿನಲ್ಲಿ ಗುಡ್ಡಗಳ ತಲೆ ಮಾತ್ರ ದ್ವೀಪಗಳಾಗಿ ಉಳಿದಿರುತ್ತವೆ. ಅದಕ್ಕೆ ಹುಬ್ಬಳ್ಳಿಗಿಂತ ಶಿವಮೊಗ್ಗ ಹತ್ತಿರ. 2023ರಲ್ಲಿ ಶುರುವಾದ ನಿಲ್ದಾಣ, 3.2 ಕಿ.ಮೀ. ರನ್‌ವೇ. ಸಣ್ಣ ವಿಮಾನ ನಿಲ್ಲಿಸಲು ಜಾಗ, ಏವ್‌ಗ್ಯಾಸ್ ವ್ಯವಸ್ಥೆ ಎರಡನ್ನೂ ಈಗ ವಿಚಾರಿಸುತ್ತಿದ್ದೇನೆ.