ಕುದುರೆ ಲಾಯದ ಹಾಸು: ಹಾಕುವುದಕ್ಕಿಂತ ತೆಗೆಯುವುದು ಮುಖ್ಯ

ತೋಟದ ಮನೆಯಲ್ಲಿ ಒಂದೆರಡು ಕುದುರೆ ಸಾಕಿಕೊಂಡವರು ಆಗಾಗ ನನ್ನನ್ನು ಕರೆಯುತ್ತಾರೆ. ರೇಸ್ ಬಿಟ್ಟ ಕುದುರೆಯನ್ನು ಪ್ರೀತಿಯಿಂದ ತಂದಿರುತ್ತಾರೆ, ಲಾಯವನ್ನೂ ಚೆನ್ನಾಗಿ ಕಟ್ಟಿಸಿರುತ್ತಾರೆ. ಒಳಗೆ ಹೋದರೆ ಹೊಸ ಹುಲ್ಲು ಹಳದಿಯಾಗಿ ಹೊಳೆಯುತ್ತಿರುತ್ತದೆ. ಅದನ್ನು ಕಾಲಲ್ಲಿ ಸ್ವಲ್ಪ ಸರಿಸಿದರೆ ಸಾಕು, ಅಡಿಯಲ್ಲಿ ಕಪ್ಪಗೆ ಕೊಳೆತ ಪದರ, ಕಣ್ಣು ಉರಿಸುವ ಘಾಟು. "ದಿನಾ ಹೊಸ ಹುಲ್ಲು ಹಾಕ್ತೀವಲ್ಲ ಸಾರ್" ಅನ್ನುತ್ತಾರೆ. ಹಾಕುತ್ತಾರೆ, ನಿಜ. ಹಳೆಯದನ್ನು ತೆಗೆಯುವುದಿಲ್ಲ.

ಕುದುರೆ ನಿಂತೇ ನಿದ್ದೆ ಮಾಡುತ್ತೆ, ಹಾಸು ಯಾಕೆ ಅಂತ ಕೇಳುವವರೂ ಇದ್ದಾರೆ. ತೂಕಡಿಸುವುದು ನಿಂತೇ. ಆದರೆ ಗಾಢ ನಿದ್ದೆ ಬರಬೇಕಾದರೆ ಅದು ಮಲಗಲೇಬೇಕು. ನೆಲ ಒದ್ದೆ ಇದ್ದರೆ, ಗಟ್ಟಿ ಇದ್ದರೆ ಎಷ್ಟೋ ಕುದುರೆಗಳು ಮಲಗುವುದೇ ಇಲ್ಲ.

ಮೊದಲು ನೆಲ

12 ಅಡಿಗೆ 12 ಅಡಿ ಜಾಗ, ಚರಂಡಿ ಕಡೆಗೆ ಸಣ್ಣ ಇಳಿಜಾರು, ಎದುರುಬದುರು ಗಾಳಿ. ಕಾಂಕ್ರೀಟ್ ನೆಲವಾದರೆ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿ. ಮ್ಯಾಟ್ ಇದ್ದರೆ ಹಾಸು ಬೇಡ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ರಬ್ಬರ್ ಮೂತ್ರ ಹೀರುವುದಿಲ್ಲ, ಕುದುರೆ ಅದರಲ್ಲೇ ನಿಲ್ಲಬೇಕಾಗುತ್ತದೆ.

ಯಾವ ಹಾಸು?

ನನ್ನ ಆಯ್ಕೆ ಒಂದೇ: ಮರದ ಸಿಪ್ಪೆ. ಬಡಗಿ ಕೀಸುವಾಗ ಸುರುಳಿ ಸುರುಳಿಯಾಗಿ ಬೀಳುತ್ತದಲ್ಲ, ಅದು. ಚೆನ್ನಾಗಿ ಹೀರುತ್ತದೆ, ಒದ್ದೆಯಾದ ಜಾಗ ಕಣ್ಣಿಗೆ ಕಾಣುತ್ತದೆ, ಕುದುರೆ ತಿನ್ನಲು ಹೋಗುವುದು ಕಡಿಮೆ. ಸಾ ಮಿಲ್ಲಿನ ನುಣ್ಣನೆ ಪುಡಿ ಬೇರೆ, ಅದು ಬರೀ ದೂಳು, ಬೇಡ. ಪ್ಲೈವುಡ್ ಕೊಯ್ಯುವ ಕಡೆಯಿಂದ ಬಂದದ್ದಂತೂ ಲಾಯದ ಹತ್ತಿರವೂ ಸುಳಿಯಬಾರದು, ಅದರಲ್ಲಿ ಅಂಟಿನ ರಾಸಾಯನಿಕ ಇರುತ್ತದೆ. ಚೀಲ ಬಿಚ್ಚಿದ ಕೂಡಲೇ ದೊಡ್ಡ ಅಯಸ್ಕಾಂತವೊಂದನ್ನು ಸಿಪ್ಪೆಯೊಳಗೆ ಆಡಿಸಿ. ಮೊಳೆ ಸಿಗುತ್ತದೆ. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತದೆ, ಗೊರಸಿಗೆ ಒಂದು ಮೊಳೆ ಚುಚ್ಚಿದರೂ ಸಾಕು.

ಸಿಪ್ಪೆ ಸಿಗದಿದ್ದರೆ ಭತ್ತದ ಹುಲ್ಲು. ಮರಿ ಹಾಕುವ ಹೆಣ್ಣು ಕುದುರೆಗೆ ಮಾತ್ರ ನಾನೂ ಹುಲ್ಲನ್ನೇ ಹಾಕುತ್ತೇನೆ. ಒದ್ದೆ ಮರಿಯ ಮೈಗೆ, ಮೂಗಿಗೆ ಸಿಪ್ಪೆ ಅಂಟಿಕೊಳ್ಳುತ್ತದೆ, ಹುಲ್ಲು ಹಾಗೆ ಅಂಟುವುದಿಲ್ಲ. ಹುಲ್ಲು ಕೊಳ್ಳುವಾಗ ಪಿಂಡಿಯ ನಡುವೆ ಮೊಣಕೈವರೆಗೆ ಕೈ ತೂರಿಸಿ. ಒಳಗೆ ಬೆಚ್ಚಗಿದ್ದರೆ ಒಣಗುವ ಮೊದಲೇ ಕಟ್ಟಿದ್ದಾರೆ ಅಂತ ಅರ್ಥ. ಬೂಷ್ಟು ಹಿಡಿದೇ ಹಿಡಿಯುತ್ತದೆ. ಆ ಬೂಷ್ಟಿನ ದೂಳೇ ಕುದುರೆಗೆ ದಮ್ಮು ತರುವುದು. ಕೊಡವಿದಾಗ ಬೂದು ಹೊಗೆಯಂತೆ ಎದ್ದರೆ ವಾಪಸ್ ಕಳಿಸಿ. ರಾಗಿ ಹುಲ್ಲನ್ನು ಮಾತ್ರ ಹಾಸಬೇಡಿ. ಅದು ಮೇವು, ರಾತ್ರಿಯೆಲ್ಲ ಮೇಯ್ದು ಮೂತ್ರ ಬಿದ್ದದ್ದನ್ನೂ ತಿನ್ನುತ್ತವೆ.

ಭತ್ತದ ಹೊಟ್ಟು ಅಗ್ಗ, ಆದರೆ ನೀರು ಹೀರುವುದೇ ಇಲ್ಲ ಅನ್ನಬಹುದು. ಕಣ್ಣಿಗೆ ಮೂಗಿಗೆ ಹಾರುತ್ತದೆ ಬೇರೆ. ತಿಪಟೂರು, ಅರಸೀಕೆರೆ ಕಡೆಯವರಿಗೆ ತೆಂಗಿನ ನಾರಿನ ಪುಡಿ ಸುಲಭವಾಗಿ ಸಿಗುತ್ತದೆ. ಹೀರುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಒಂದೇ ತೊಂದರೆ, ಬಣ್ಣ ಕಪ್ಪು ಕಂದು, ಒದ್ದೆ ಎಲ್ಲಿದೆ ಅಂತ ಕೈಯಿಟ್ಟೇ ಹುಡುಕಬೇಕು. ಬಿಸಿಲಿಗೆ ಚೆನ್ನಾಗಿ ಒಣಗಿಸಿ ಹಾಕಿ. ಮರಳಿನ ಮೇಲೆ ಮೇವು ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮರಳು ಹೊಟ್ಟೆಗೆ ಹೋಗಿ ಕರುಳಲ್ಲಿ ಕೂರುತ್ತದೆ, ಶೂಲೆ ಬರುತ್ತದೆ.

ದಪ್ಪ ಅರ್ಧ ಅಡಿ. ಗೋಡೆ ಬದಿಗೆ ಒಂದು ಅಡಿ ಎತ್ತರದ ಏರಿ ಮಾಡಿ. ಕುದುರೆ ಹೊರಳುವಾಗ ಗೋಡೆಗೆ ಕಾಲು ಸಿಕ್ಕಿಕೊಂಡು ಏಳಲಾಗದೆ ಒದ್ದಾಡುವುದು ಇದರಿಂದ ತಪ್ಪುತ್ತದೆ.

ಬೆಳಗಿನ ಕೆಲಸ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಒಂದು ಕುದುರೆ ದಿನಕ್ಕೆ ಸುಮಾರು 20 ಕೆ.ಜಿ. ಲದ್ದಿ ಹಾಕುತ್ತದೆ. 5ರಿಂದ 10 ಲೀಟರ್ ಮೂತ್ರ ಮಾಡುತ್ತದೆ. ಮೂತ್ರದಲ್ಲಿರುವ ಯೂರಿಯಾವನ್ನು ಲದ್ದಿಯ ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಎರಡೂ ಬೆರೆತಷ್ಟೂ, ಹೊತ್ತಾದಷ್ಟೂ ಘಾಟು ಜಾಸ್ತಿ.

ಮೊದಲು ಕುದುರೆಯನ್ನು ಹೊರಗೆ ಕಟ್ಟಿ. ಅದು ಒಳಗೇ ಇದ್ದರೆ ಸುತ್ತಮುತ್ತ ಮಾತ್ರ ಗುಡಿಸಿ ಬರುತ್ತೀರಿ, ಎದ್ದ ದೂಳನ್ನೆಲ್ಲ ಅದು ಕುಡಿಯುತ್ತದೆ. ಲದ್ದಿಯನ್ನು ಫೋರ್ಕಿನಿಂದ ಎತ್ತಿ, ಅಲ್ಲಾಡಿಸಿ ಸಿಪ್ಪೆ ಉದುರಿಸಿ ಬುಟ್ಟಿಗೆ ಹಾಕಿ. ತುಳಿದು ಪುಡಿಯಾಗುವ ಮೊದಲೇ ಎತ್ತಿದರೆ ಅರ್ಧ ಹಾಸು ಉಳಿಯುತ್ತದೆ.

ಆಮೇಲೆ ಒದ್ದೆ ಜಾಗ. ಪ್ರತಿ ಕುದುರೆಗೂ ಮೂತ್ರ ಮಾಡುವ ಒಂದು ಅಭ್ಯಾಸದ ಜಾಗ ಇರುತ್ತದೆ, ಮೂರು ದಿನ ಗಮನಿಸಿದರೆ ಗೊತ್ತಾಗುತ್ತದೆ. ಸುತ್ತಲಿನ ಒಣ ಹಾಸನ್ನು ಗೋಡೆಗೆ ಎಳೆದು ಒದ್ದೆಯನ್ನು ಬಯಲು ಮಾಡಿ. ಮೇಲೆ ತಟ್ಟೆಯಷ್ಟು ಕಂಡದ್ದು ಅಡಿಯಲ್ಲಿ ಮೊರದಷ್ಟು ಅಗಲ ಹರಡಿರುತ್ತದೆ. ಒದ್ದೆಯ ಅಂಚಿನಿಂದ ಇನ್ನೊಂದು ಗೇಣು ಆಚೆಗೆ, ನೆಲ ಕಾಣುವವರೆಗೂ ಸಲಿಕೆಯಲ್ಲಿ ತೆಗೆಯಿರಿ. ಇಷ್ಟೊಂದು ದಂಡ ಅನ್ನಿಸುತ್ತದೆ, ಆದರೂ ತೆಗೆಯಿರಿ. ಉಳಿಸಿದ ಒಂದು ಬುಟ್ಟಿ ಒದ್ದೆ ನಾಳೆಗೆ ನಾಲ್ಕು ಬುಟ್ಟಿ ಒಣ ಹಾಸನ್ನು ಕೆಡಿಸುತ್ತದೆ.

ಈಗ ಮುಖ್ಯವಾದದ್ದು. ನೆಲವನ್ನು ಹಾಗೇ ಬರಿದಾಗಿ ಬಿಡಿ. ಬಾಗಿಲು ಕಿಟಕಿ ತೆಗೆದು ಕನಿಷ್ಠ ಒಂದು ಗಂಟೆ. ಯಾರೂ ಇದನ್ನು ಮಾಡುವುದಿಲ್ಲ. ಒದ್ದೆ ನೆಲದ ಮೇಲೆ ತಕ್ಷಣ ಹೊಸದನ್ನು ಸುರಿದರೆ ಅದು ಅಡಿಯಿಂದಲೇ ಕೊಳೆಯಲು ಶುರುವಾಗುತ್ತದೆ.

ನೆಲ ಒಣಗಿದ ಮೇಲೆ ಗೋಡೆ ಬದಿಯ ಹಳೆಯ ಒಣ ಹಾಸನ್ನು ನಡುವಿಗೆ ಎಳೆಯಿರಿ. ಹೊಸದನ್ನು ಗೋಡೆ ಬದಿಗೆ ಹಾಕಿ. ಹೀಗೆ ಮಾಡಿದರೆ ಏರಿ ಬೂಷ್ಟು ಹಿಡಿಯುವುದಿಲ್ಲ.

ಕೊನೆಗೆ ಕುದುರೆ ಮಲಗುವ ಜಾಗದಲ್ಲಿ ಮಂಡಿಯೂರಿ ಕುಳಿತು ಉಸಿರೆಳೆದುಕೊಳ್ಳಿ. ಮಂಡಿಗೆ ನೆಲ ತಾಗಿದರೆ ಹಾಸು ಸಾಲದು. ಪ್ಯಾಂಟ್ ಒದ್ದೆಯಾದರೆ, ಮೂಗು ಚುರುಗುಟ್ಟಿದರೆ ಮತ್ತೆ ಶುರು ಮಾಡಿ. ಇದನ್ನು ನನಗೆ ಕಲಿಸಿದ್ದು ಒಬ್ಬ ಪಶುವೈದ್ಯರು. ನನ್ನ ಹೆಣ್ಣು ಕುದುರೆ ಎರಡು ವಾರದಿಂದ ಕೆಮ್ಮುತ್ತಿತ್ತು. ಚಳಿಗೆ ಅಂದುಕೊಂಡು ಔಷಧಿ ಕುಡಿಸುತ್ತಿದ್ದೆ. ಅವರು ಬಂದವರು ಕುದುರೆಯನ್ನು ಮುಟ್ಟುವ ಮೊದಲೇ ಲಾಯದಲ್ಲಿ ಮಂಡಿಯೂರಿ ಕುಳಿತರು. "ನೀವೂ ಕೂತ್ಕೊಳ್ಳಿ" ಅಂದರು. ನಿಂತಾಗ ಏನೂ ಅನ್ನಿಸದ ಘಾಟು ಅಲ್ಲಿ ಕಣ್ಣಲ್ಲಿ ನೀರು ತರಿಸಿತು. ಅವಳು ರಾತ್ರಿಯೆಲ್ಲ ಮೂಗು ಇಟ್ಟಿದ್ದು ಅಲ್ಲೇ ಅಲ್ವಾ. ಆ ಕೆಮ್ಮು ಹೋಗಲು ಒಂದು ತಿಂಗಳು ಹಿಡಿಯಿತು.

ಸಂಜೆಗೆ ಲದ್ದಿ ಎತ್ತಿದರೆ ಸಾಕು.

ಪುಡಿಗಳ ವಿಷಯ

ವಾಸನೆ ಹೋಗಲಿ ಅಂತ ಕೆಲವರು ಬ್ಲೀಚಿಂಗ್ ಪೌಡರ್ ಎರಚುತ್ತಾರೆ. ದಯವಿಟ್ಟು ಬೇಡ. ಅದು ಅಮೋನಿಯಾ ಜೊತೆ ಸೇರಿದರೆ ಕ್ಲೋರಮೀನ್ ಅನ್ನುವ ವಿಷಗಾಳಿ ಏಳುತ್ತದೆ, ನಿಮಗೂ ಅಪಾಯ. ಗೋಡೆಗೆ ಬಳಿಯುವ ಸುಣ್ಣದ ಪುಡಿ ಗೊರಸನ್ನು, ಚರ್ಮವನ್ನು ಸುಡುತ್ತದೆ. ಪರಿಮಳದ ಪುಡಿಗಳಿಂದ ನಮ್ಮ ಮೂಗಿಗೆ ಮೋಸ ಆಗುತ್ತದೆ ಅಷ್ಟೇ, ಒದ್ದೆ ಅಲ್ಲೇ ಇರುತ್ತದೆ.

ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ. ಹೊಸ ಹಾಸನ್ನು ಮೇಲೆ ಮೇಲೆ ಪೇರಿಸುತ್ತಾ ಹೋಗುವ ಪದ್ಧತಿಯೂ ಉಂಟು. ಅದು ಚಳಿ ದೇಶಗಳಿಗೆ ಸರಿ. ನಮ್ಮ ಸೆಕೆಗೆ, ಜೂನ್‌ನಿಂದ ಹಿಡಿಯುವ ಮಳೆಗೆ ಅದನ್ನು ಮಾಡಲೇಬೇಡಿ. ಮಳೆಗಾಲದಲ್ಲಿ ದಿನಾ ಗೊರಸು ಎತ್ತಿ ನೋಡಿ. ಅಡಿಯಲ್ಲಿರುವ ಮೆತ್ತನೆಯ ತ್ರಿಕೋನದ ಪಕ್ಕದ ಸಂದಿಯಲ್ಲಿ ಕಪ್ಪು ಗಸಿ, ಕೆಟ್ಟ ವಾಸನೆ ಇದ್ದರೆ ಅದು ಕೊಳೆರೋಗ, ಹಾಸು ಒದ್ದೆ ಇದೆ ಅಂತಲೇ ತಿಳಿಯಿರಿ. ವರ್ಷಕ್ಕೆ ಬೇಕಾದ ಹುಲ್ಲನ್ನು ಜನವರಿಯಲ್ಲೇ, ಒಣ ಇರುವಾಗ ಕೊಂಡಿಡಿ. ಬಣವೆ ಲಾಯದಿಂದ ದೂರ ಇರಲಿ, ಬೆಂಕಿಯ ಭಯ.

ತಿಪ್ಪೆಯನ್ನು ಗಾಳಿ ಬೀಸುವ ದಿಕ್ಕು ನೋಡಿ ಲಾಯದಿಂದ ಆಚೆಗೆ ಮಾಡಿ, ಇಲ್ಲದಿದ್ದರೆ ನೊಣ ವಾಪಸ್ ಬರುತ್ತವೆ. ಹುಲ್ಲು ಬೆರೆತ ಲದ್ದಿ ಬೇಗ ಗೊಬ್ಬರವಾಗುತ್ತದೆ, ಅಣಬೆ ಬೆಳೆಯುವವರೂ ಕೇಳಿ ಒಯ್ಯುತ್ತಾರೆ. ಸಿಪ್ಪೆ ಬೆರೆತದ್ದು ನಿಧಾನ. ಹಸಿಯಾಗಿ ಹೊಲಕ್ಕೆ ಹಾಕಿದರೆ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಆಗಾಗ ಮಗುಚಿ, ನೀರು ಚಿಮುಕಿಸಿ, ಕಪ್ಪಗೆ ಪುಡಿಯಾಗುವವರೆಗೆ ಕಾದು ಆಮೇಲೆ ಹಾಕಿ.