ಹಳ್ಳಿಗೆ ಹಲ್ಲಿ ಅಂದ ಹುಡುಗಿ

ನಾನು ಬೆಂಗಳೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಲಿಕಲಿ ಟೀಚರ್. ಸುತ್ತ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ, ಅಲ್ಲಿ ವಾಚ್‌ಮನ್ ಕೆಲಸಕ್ಕೆ ಬಂದ ನೇಪಾಳದವರ ಮಕ್ಕಳು ನಮ್ಮಲ್ಲಿ ಸೇರತೊಡಗಿದರು. ಅವರಲ್ಲೊಬ್ಬಳಿಗೆ ಎಂಟು ವರ್ಷ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವಯಸ್ಸಿಗೆ ತಕ್ಕ ಮೂರನೇ ತರಗತಿಗೆ ಸೇರಿಸಿಕೊಂಡೆವು. ಅದೇ ಕಾಯ್ದೆ ಹೇಳುವ ವಿಶೇಷ ತರಬೇತಿ ಕೊಡಲು ಯಾರೂ ಬರಲಿಲ್ಲ.

ಎರಡು ತಿಂಗಳು ಅವಳು ಬಾಯಿ ಬಿಡಲಿಲ್ಲ. 'ಇಲ್ಲಿ ಕನ್ನಡದಲ್ಲೇ ಮಾತಾಡಬೇಕು' ಅಂತ ಮೊದಲ ದಿನ ಹೇಳಿದವಳು ನಾನೇ. ಕನ್ನಡ ಬಾರದ ಮಗುವಿಗೆ ಅದು 'ಸುಮ್ಮನಿರು' ಅಂತಲೇ ಕೇಳಿಸಿರಬೇಕು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಒಂದು ದಿನ ಬಿಸಿಯೂಟದ ಸಾಲಿನಲ್ಲಿ ತಮ್ಮನಿಗೆ ಮೆಲ್ಲಗೆ 'ಮಲಾಈ ಭೋಕ್ ಲಾಗ್ಯೋ' ಅಂದಳು. ಸಂಜೆ ಅವಳ ಅಮ್ಮನನ್ನು ಕೇಳಿದೆ. ಮಲಾಈ ಅಂದರೆ ನನಗೆ, ಭೋಕ್ ಅಂದರೆ ಹಸಿವು. ನಮ್ಮ 'ನನಗೆ ಹಸಿವಾಯಿತು' ಥರವೇ! ಮರುದಿನ ಎರಡನ್ನೂ ಕನ್ನಡ ಲಿಪಿಯಲ್ಲಿ ಒಂದರ ಕೆಳಗೊಂದು ಬೋರ್ಡಿನ ಮೇಲೆ ಬರೆದು, ನೇಪಾಳಿ ಸಾಲನ್ನು ನಾನೇ ಓದಿದೆ. ಅವಳು ತಲೆಯೆತ್ತಿ ನೋಡಿದಳು, ನನ್ನ ಉಚ್ಚಾರ ತಿದ್ದಿದಳು. ಆಮೇಲೆ ಕೆಳಗಿನ ಸಾಲನ್ನು ತಾನಾಗಿಯೇ ಓದಿದಳು.

ಅಲ್ಲಿಂದ ಪ್ರಾರ್ಥನೆಗೆ ಮುಂಚಿನ ಅರ್ಧ ಗಂಟೆ ನಮ್ಮಿಬ್ಬರದ್ದು. ಅವಳು ಪಾನಿ ಅಂದರೆ ನಾನು ನೀರು. ಅವಳ ಆಮಾ, ನಮ್ಮ ಅಮ್ಮ. ಮಾತಿನಲ್ಲಿ ಕುದುರಿದ್ದು ಓದಿಗೂ ಬಂತು. ತೊಡಕಾದದ್ದು ಳ. 'ನನ್ನ ಹಲ್ಲಿ ನೇಪಾಳದಲ್ಲಿದೆ' ಅಂದಾಗ ತರಗತಿಯೆಲ್ಲ ನಕ್ಕಿತು, ಅವಳು ವಾರವಿಡೀ ಮತ್ತೆ ಮೌನ. ಅವಳ ಭಾಷೆಯಲ್ಲಿ ಆ ಅಕ್ಷರವೇ ಇಲ್ಲ. ಕಿವಿಗೆ ಎರಡೂ ಒಂದೇ. ಇದನ್ನು ಮಕ್ಕಳಿಗೆ ಹೇಳಿ, ಚಿಕ್ಕ ಕನ್ನಡಿ ತಂದು, ನಾಲಿಗೆಯ ತುದಿ ಹಿಂದಕ್ಕೆ ಮಡಚುವುದನ್ನು ಎಲ್ಲರಿಂದಲೂ ಮಾಡಿಸಿದೆ. ಹುಲಿ, ಹುಳಿ, ಕಾಲು, ಕಾಳು. ಹದಿನೈದು ದಿನದಲ್ಲಿ ಹಳ್ಳಿ ಬಂತು. ಎ, ಏ ಬೇರೆ ಮಾಡಿ ಬರೆಯಲು ಇನ್ನೂ ಎಡವುತ್ತಾಳೆ. ನಾನು ಕೆಂಪು ಶಾಯಿ ಹಾಕುವುದಿಲ್ಲ, ಜೋರಾಗಿ ಓದಿಸುತ್ತೇನೆ. ತಪ್ಪು ಅವಳ ಕಿವಿಗೇ ಸಿಗುತ್ತದೆ.

ಈ ಜೂನ್‌ನಲ್ಲಿ ಒಡಿಶಾದ ಹುಡುಗನೊಬ್ಬ ಸೇರಿದ್ದಾನೆ. ಒಡಿಯಾದಲ್ಲಿ ಳ ಇದೆ, 'ಹಳ್ಳಿ' ಮೊದಲ ಸಲಕ್ಕೇ ಅಂದುಬಿಟ್ಟ. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವನು ಹೇಳಿದ 'ಪಾಣಿ' ಬರೆದುಕೊಂಡಿದ್ದೇನೆ. ಪಕ್ಕದಲ್ಲಿ 'ನೀರು' ಬರೆದುಕೊಟ್ಟವಳು ಅವಳೇ.