ಸೀಸದ ಪಾಟ್‌ನ ನಳಿಗೆ ಕಟ್ಟಿಕೊಂಡಾಗ

ಬೀಸುಬಲೆಯ ಅಂಚಿಗೆ, ಗಾಳಕ್ಕೆ ಬೇಕಾದ ಸೀಸದ ಗುಂಡುಗಳನ್ನು ನಾನು ಮನೆಯಲ್ಲೇ ಎರಕ ಹೊಯ್ಯುತ್ತೇನೆ. ಬಳಸುವುದು ಸುಮಾರು 4 ಕಿಲೋ ಹಿಡಿಯುವ, ಅಡಿಯಿಂದ ಸುರಿಯುವ ಎಲೆಕ್ಟ್ರಿಕ್ ಪಾಟ್. ಹಿಡಿ ಎತ್ತಿದರೆ ಒಳಗಿನ ಸರಳು ಮೇಲೇರಿ, ಸೀಸ ನಳಿಗೆಯಿಂದ ಅಚ್ಚಿಗೆ ಇಳಿಯುತ್ತದೆ. ಕೈಕೊಡುವುದು ಯಾವಾಗಲೂ ಆ ನಳಿಗೆಯೇ.

ಅದು ತಣ್ಣಗಾಗಿ ಹೆಪ್ಪುಗಟ್ಟಿದೆಯೋ, ಕಸ ಸಿಕ್ಕಿಕೊಂಡಿದೆಯೋ ಎಂದು ಮೊದಲು ತಿಳಿದುಕೊಳ್ಳಬೇಕು. ಎರಡಕ್ಕೂ ಮದ್ದು ಬೇರೆ ಬೇರೆ. ಶುರುವಿನಲ್ಲೇ ಒಂದು ಹನಿಯೂ ಬೀಳದಿದ್ದರೆ ಸಾಮಾನ್ಯವಾಗಿ ಅದು ಹೆಪ್ಪು. ಚೆನ್ನಾಗಿ ಹರಿಯುತ್ತಿದ್ದದ್ದು ಬರಬರುತ್ತಾ ಸಣ್ಣಗಾದರೆ, ಅಥವಾ ಹಿಡಿ ಬಿಟ್ಟ ಮೇಲೂ ತೊಟ್ಟಿಕ್ಕಿದರೆ ಕಸ.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಪಾಟ್ ಒಳಗೆ 370 ಇದ್ದರೂ ನಳಿಗೆಯ ತುದಿ ಹೊರಗಿನ ಗಾಳಿಯಲ್ಲಿರುತ್ತದೆ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು, ಜುಲೈ–ಆಗಸ್ಟ್) ಗಾಳಿಗೆ ತೆರೆದ ಶೆಡ್ಡಿನಲ್ಲಿ ತುದಿ ಬೇಗ ಆರುತ್ತದೆ. ವೋಲ್ಟೇಜನ್ನೂ ನೋಡಿ: 230 ಬರಬೇಕಾದಲ್ಲಿ 180 ಬಂದರೆ ಕಾಯಿಲ್ ಕೊಡುವ ಶಾಖ ಶೇಕಡ 60ರ ಆಸುಪಾಸಿಗೆ ಇಳಿಯುತ್ತದೆ. ಗಾಳಿ ಬರುವ ಕಡೆ ತಗಡು ನಿಲ್ಲಿಸಿ, ಗ್ಯಾಸ್ ಟಾರ್ಚ್‌ನ ಜ್ವಾಲೆಯನ್ನು ನಳಿಗೆಗೆ ಕೆಲವು ಸೆಕೆಂಡ್ ಹಿಡಿದರೆ ಹೆಪ್ಪು ಬಿಡುತ್ತದೆ. ಆಮೇಲೆ ಎರಕದ ನಡುವೆ ಹೆಚ್ಚು ಬಿಡುವು ಕೊಡಬಾರದು.

ಕಸವಾದರೆ ಗಟ್ಟಿ ಉಕ್ಕಿನ ತಂತಿಯ ತುದಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಇಕ್ಕಳದಲ್ಲಿ ಹಿಡಿದು, ಸರಳು ಎತ್ತಿಕೊಂಡೇ ಕೆಳಗಿನಿಂದ ಚುಚ್ಚುತ್ತೇನೆ. ತಂತಿಯನ್ನು ಮೊದಲೇ ಬಿಸಿ ಮಾಡಿರಬೇಕು, ತಣ್ಣನೆಯದಾದರೆ ತಂತಿಯೇ ಸೀಸವನ್ನು ಹೆಪ್ಪುಗಟ್ಟಿಸುತ್ತದೆ. ಕಟ್ಟು ಬಿಟ್ಟ ಕೂಡಲೇ ಸೀಸ ಭರ್ರನೆ ಬರುತ್ತದೆ. ಹಾಗಾಗಿ ಕೆಳಗೆ ಒಣಗಿದ ಕಬ್ಬಿಣದ ತಟ್ಟೆ, ಕೈಗೆ ಚರ್ಮದ ಗ್ಲೌಸ್, ಮುಖಕ್ಕೆ ಶೀಲ್ಡ್, ಕಾಲಿಗೆ ಶೂ ಬೇಕೇ ಬೇಕು. ತೊಟ್ಟಿಕ್ಕುವುದು ನಿಲ್ಲದಿದ್ದರೆ ಸರಳಿನ ತಲೆಯನ್ನು ಸ್ಕ್ರೂಡ್ರೈವರಿನಿಂದ ಅತ್ತಿತ್ತ ತಿರುಗಿಸಿದಾಗ ತುದಿಗೆ ಅಂಟಿದ ಕಸ ಉಜ್ಜಿ ಹೋಗುತ್ತದೆ. ಡ್ರಿಲ್ ಹಾಕಿ ತೂತು ದೊಡ್ಡದು ಮಾಡುವ ಸಲಹೆಯನ್ನು ಮಾತ್ರ ಕೇಳಬೇಡಿ. ಸರಳು ಕೂರುವ ಜಾಗ ಒಮ್ಮೆ ಕೆಟ್ಟರೆ ಸೋರಿಕೆ ನಿಲ್ಲಿಸುವುದು ಬಹಳ ಕಷ್ಟ.

ಈ ಕಸ ಬರುವುದೆಲ್ಲಿಂದ? ಹಾರಂಗಿ ಹಿನ್ನೀರಿನಲ್ಲಿ ಸವೆದ ಹಳೇ ಬಲೆಯ ಗುಂಡುಗಳನ್ನು ನೋಡಿ: ದಾರ ಹೋಗುವ ತೂತಿನ ತುಂಬ ಮರಳು, ಕೆಸರು, ನೈಲಾನ್ ಎಳೆ. ಮರಳು ಸೀಸಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಹಗುರ, ತೇಲಬೇಕು. ಆದರೆ ತಳಕ್ಕೋ ಗೋಡೆಗೋ ಅಂಟಿಕೊಂಡ ಕಣದ ಕೆಳಗೆ ಸೀಸ ನುಗ್ಗುವುದಿಲ್ಲ, ಮೇಲಿನ ಭಾರವೇ ಅದನ್ನು ಒತ್ತಿ ಹಿಡಿಯುತ್ತದೆ. ಮೇಲೆ ತೇಲುವ ಕಿಟ್ಟ (ಸೀಸದ ಬೂದಿ, ಕಸ) ಎಷ್ಟು ತೆಗೆದರೂ ತಳದ ಮರಳು ಅಲ್ಲೇ ಉಳಿದು, ಕೊನೆಗೆ ನಳಿಗೆಗೆ ಜಾರುತ್ತದೆ.

ಆದ್ದರಿಂದ ಗುಜರಿ ಸೀಸ ನೇರವಾಗಿ ಈ ಪಾಟ್‌ಗೆ ಹೋಗಲೇಬಾರದು. ಅದಕ್ಕೆಂದೇ ಮೀಸಲಾದ ಕಬ್ಬಿಣದ ಬಾಣಲೆಯಲ್ಲಿ, ಹೊರಗೆ ಗಾಳಿಯಾಡುವಲ್ಲಿ ಮೊದಲು ಕರಗಿಸಿ. ಗುಂಡುಗಳನ್ನು ತಣ್ಣನೆಯ ಬಾಣಲೆಗೇ ಹಾಕಿ ಒಟ್ಟಿಗೆ ಕಾಯಿಸಬೇಕು. ಕರಗಿದ ಸೀಸಕ್ಕೆ ಒದ್ದೆ ಗುಂಡು ಬಿದ್ದರೆ ನೀರು ತಟ್ಟನೆ ಆವಿಯಾಗಿ ಸೀಸವನ್ನೇ ಮೈಮೇಲೆ ಎರಚುತ್ತದೆ. ನಮ್ಮ ಮಳೆಗಾಲದಲ್ಲಿ ಒಣಗಿದಂತೆ ಕಾಣುವುದೂ ಒಣಗಿರುವುದಿಲ್ಲ. ಕರಗಿದ ಮೇಲೆ ಕಸ ಬೇರ್ಪಡಲೆಂದು ಬಟಾಣಿ ಗಾತ್ರದ ಜೇನುಮೇಣ ಹಾಕಿ (ಹೊಗೆ ಬರುತ್ತದೆ, ಹೊತ್ತಿಕೊಳ್ಳಲೂಬಹುದು), ಚೆನ್ನಾಗಿ ಒಣಗಿಸಿದ ಮರದ ಕೋಲಿನಿಂದ ತಳ ಮತ್ತು ಗೋಡೆಯನ್ನು ಕೆರೆಯುತ್ತಾ ಕದಡಿ, ಕಿಟ್ಟವನ್ನು ಸೌಟಿನಲ್ಲಿ ತೆಗೆದು, ಸಣ್ಣ ಗಟ್ಟಿಗಳಾಗಿ ಹೊಯ್ದಿಡಿ. ಮೇಣದ ಬದಲು ಮರದ ಹೊಟ್ಟೂ ಕೆಲಸಕ್ಕೆ ಬರುತ್ತದೆ, ಆದರೆ ಬಾಣಲೆಯಲ್ಲಿ ಮಾತ್ರ. ಪಾಟ್‌ಗೆ ಹಾಕಿದರೆ ಅದರ ಇದ್ದಿಲೇ ಹೊಸ ಕಸ.

ಟೈರಿನ ವೀಲ್ ವೇಟ್ (ಚಕ್ರದ ಸಮತೋಲಕ್ಕೆ ಹಾಕುವ ತೂಕದ ತುಂಡು) ಸೇರಿಸುವವರು ಸತುವಿನ ಬಗ್ಗೆ ಎಚ್ಚರವಹಿಸಬೇಕು, ಅವುಗಳಲ್ಲಿ ಕೆಲವು ಸತುವಿನವು. ಸತು ಕರಗುವುದು 419 ಡಿಗ್ರಿಗೆ. ಬಾಣಲೆಯನ್ನು 380 ಮೀರದಂತೆ ಇಟ್ಟರೆ ಸತುವಿನ ತುಂಡುಗಳು ಗಟ್ಟಿಯಾಗೇ ತೇಲುತ್ತವೆ, ತೆಗೆದುಬಿಡಬಹುದು. ಬೆರೆತರೆ ಸೀಸ ಗಂಜಿಯಂತಾಗಿ ನಳಿಗೆಯಲ್ಲಿ ನಿಲ್ಲುತ್ತದೆ. ಹಳೇ ಬ್ಯಾಟರಿಯ ಪ್ಲೇಟ್ ಮುಟ್ಟಲೇಬೇಡಿ, ಆಸಿಡ್ ಇರುವುದಲ್ಲದೆ, ಅದರ ಕಿಟ್ಟಕ್ಕೆ ತೇವ ತಗುಲಿದರೆ ವಿಷದ ಅನಿಲ ಏಳುವ ಅಪಾಯವಿದೆ.

ತೆಗೆದ ಕಿಟ್ಟದ ಪುಡಿಯೂ ವಿಷವೇ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಊಟಕ್ಕೆ ಮೊದಲು ಕೈ ಸೋಪಿನಲ್ಲಿ ತೊಳೆಯಿರಿ. ಮಕ್ಕಳು, ಕೋಳಿಗಳು ಓಡಾಡುವ ಅಂಗಳದಲ್ಲಿ, ಕಾಫಿ ಒಣಗಿಸುವ ಕಣದಲ್ಲಿ ಈ ಕೆಲಸ ಬೇಡ.